ನಾದದ ಜೀರ್ಣೋದ್ಧಾರ

ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದೇ. ಗುಡಿಗೋ ಬಸದಿಗೋ ಭೂಮಿಯನ್ನು ದತ್ತಿ ಬಿಡುವಾಗ ದಾನಿಯು ಅದರ ಉತ್ಪನ್ನವನ್ನು ಇಂತಿಂಥ ಕೆಲಸಕ್ಕೆಂದು ಹೆಸರಿಸಿ ಬರೆಸುತ್ತಿದ್ದನು. ಪೂಜೆ, ನೈವೇದ್ಯ, ಆಹಾರದಾನಗಳ ಜೊತೆಗೆ, ಮುರಿದದ್ದು, ಬಿರಿದದ್ದು, ಹಳತಾದದ್ದನ್ನು ಮತ್ತೆ ಎತ್ತಿ ನಿಲ್ಲಿಸುವುದಕ್ಕೆಂದೂ ಒಂದು ಪಾಲು ಇರುತ್ತಿತ್ತು. ಕಟ್ಟುವಾಗಲೇ ಕೆಡುವ ಕಾಲವನ್ನು ನೆನೆದು, ಆ ಕಾಲಕ್ಕೆ ಬೇಕಾದ ಬತ್ತ ಹೊನ್ನುಗಳನ್ನು ಮೀಸಲಿಟ್ಟ ಹಿರಿಯರ ವಿವೇಕ ದೊಡ್ಡದು.

ವಾಚಕ ಮಹಾಶಯರೆ, ಈ ಲೇಖನದ ವಿಷಯ ಗುಡಿಯಲ್ಲ, ಒಂದು ವಾದ್ಯ. ಆ ವಾದ್ಯ ಸತ್ತ ಮೇಲೆ ಅದರ ಒಡಲಿನಿಂದ ತೆಗೆದ ಒಂದು ಅಂಗವು ಇನ್ನೊಂದು ಮನೆಯಲ್ಲಿ ಹಾಡುತ್ತ ಕುಳಿತ ಕಥೆ. ವಾದ್ಯದ ಹೆಸರು ಆರ್ಗನ್ನು. ಅಂಗದ ಹೆಸರು ಆಂಪ್ಲಿಫೈಯರು, ಅಂದರೆ ಸಣ್ಣ ದನಿಯನ್ನು ದೊಡ್ಡದು ಮಾಡುವ ಯಂತ್ರ. ನಡೆದ ಸ್ಥಳ ಹೆಚ್ಚಾಗಿ ಅಮೆರಿಕ. ಆದರೆ ನಮ್ಮ ಮೈಸೂರಿನ ಒಂದು ಮನೆಯೂ ಜಾಲಹಳ್ಳಿಯ ಒಂದು ಕಾರ್ಖಾನೆಯೂ ಈ ಕಥೆಯ ಅಂಚಿನಲ್ಲಿ ನಿಂತಿವೆ.

ಇದನ್ನು ಬರೆಯಲು ನನಗೊಂದು ಕಾರಣವುಂಟು. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ನಮ್ಮ ಮನೆಯಲ್ಲಿ ತಂದೆಯವರು ಕೊಂಡ ಒಂದು ವಾಲ್ವಿನ ರೇಡಿಯೊ ಇದ್ದಿತು. ಗುಂಡಿ ತಿರುಗಿಸಿದ ಮೇಲೆ ಅದು ಬಿಸಿಯೇರಿ ಮಾತನಾಡುವುದಕ್ಕೆ ಅರ್ಧ ನಿಮಿಷ ಬೇಕು. ಮುಂಭಾಗದಲ್ಲಿ ಹಸುರು ಬಣ್ಣದ ಒಂದು ಕಣ್ಣು. ನಿಲಯ ಸರಿಯಾಗಿ ಸಿಕ್ಕಿದೊಡನೆ ಅದು ಕಿರಿದಾಗುತ್ತಿತ್ತು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುವುದು ವರ್ಷಕ್ಕೊಮ್ಮೆ ತಂದೆಯವರು ತಪ್ಪದೆ ಮಾಡುತ್ತಿದ್ದ ಕೆಲಸ. ನಾನು ಉಪಾಧ್ಯಾಯನಾಗಿ ಮೊದಲ ಸಂಬಳ ಕಂಡ ವರ್ಷ ಹೊಸ ಟೇಪ್ ರೆಕಾರ್ಡರೊಂದನ್ನು ತಂದೆ. ಕೆಟ್ಟು ಕುಳಿತಿದ್ದ ರೇಡಿಯೊವನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಅವನು ಅದನ್ನು ಹೊತ್ತುಕೊಂಡು ಹೋಗಲಿಲ್ಲ. ನಮ್ಮ ಜಗಲಿಯ ಮೇಲೆಯೇ ಸುತ್ತಿಗೆಯಿಂದ ಮರದ ಪೆಟ್ಟಿಗೆಯನ್ನು ಒಡೆದು, ತಾಮ್ರದ ಸುತ್ತಿದ್ದ ಟ್ರಾನ್ಸ್‌ಫಾರ್ಮರನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ಗಾಜಿನ ಚೂರುಗಳನ್ನು ನಮಗೇ ಬಿಟ್ಟು ಹೋದನು. ತಂದೆಯವರು ಬಾಗಿಲಲ್ಲಿ ನಿಂತು ನೋಡಿದರು, ಏನೂ ಹೇಳಲಿಲ್ಲ. ಆ ಮೌನ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಬೇರೊಂದು ದೇಶದಲ್ಲಿ ಅಂಥದೇ ಟ್ರಾನ್ಸ್‌ಫಾರ್ಮರನ್ನು ಗುಜರಿಯ ಚೀಲದಿಂದ ಈಚೆಗೆ ತೆಗೆದು ಮತ್ತೆ ಬದುಕಿಸಿದವರ ವಿಷಯ ತಿಳಿದಾಗ, ಅದನ್ನು ಕ್ರಮವಾಗಿ ಅರಿಯಬೇಕೆಂಬ ಆಸೆಯಾಯಿತು.

ಮೊದಲು ಹೆಸರನ್ನು ವಿಚಾರಿಸೋಣ. ಪಂಡಿತನ ಚಾಳಿ ಬಿಡಲಾರದು. ‘ಆರ್ಗನ್’ ಎಂಬುದರ ಮೂಲ ಗ್ರೀಕ್ ಭಾಷೆಯ ‘ಆರ್ಗಾನೊನ್’. ಸಾಧನ, ಉಪಕರಣ ಎಂದು ಅದರ ಅರ್ಥ. ನಮ್ಮಲ್ಲಿ ‘ಕರಣ’ ಎಂಬ ಮಾತಿಗೆ ಇರುವ ಅರ್ಥವೇ ಅದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದ ಟೆಸಿಬಿಯಸ್ ಎಂಬ ಯಂತ್ರಜ್ಞನು ನೀರಿನ ಒತ್ತಡದಿಂದ ಗಾಳಿಯನ್ನು ಕೊಳವೆಗಳಿಗೆ ನುಗ್ಗಿಸಿ ನುಡಿಸುವ ವಾದ್ಯವನ್ನು ಮಾಡಿದನು. ಅದರ ಸಂತತಿಯೇ ಯುರೋಪಿನ ಇಗರ್ಜಿಗಳಲ್ಲಿ ಬೆಳೆದ ದೊಡ್ಡ ಕೊಳವೆ ಆರ್ಗನ್ನು. ಗಾಳಿಯಿಂದ ನುಡಿಯುವ ಅದರ ದೂರದ ಕಿರಿಯ ನಂಟನನ್ನು ನಾವೂ ಬಲ್ಲೆವು: ನಾಟಕದ ಕಂಪೆನಿಗಳ ಮುಂದಿನ ಸಾಲಿನಲ್ಲಿ ಕುಳಿತು ಹಾರ್ಮೋನಿಯಂ ಮಾಸ್ತರರು ಕಾಲಿನಿಂದ ತಿದಿಯೊತ್ತಿ ನುಡಿಸುತ್ತಿದ್ದ ಲೆಗ್ ಹಾರ್ಮೋನಿಯಂ. ಅದರಲ್ಲಿ ಕೊಳವೆಗೆ ಬದಲಾಗಿ ಹಿತ್ತಾಳೆಯ ನಾಲಿಗೆಗಳು, ಅಷ್ಟೆ. ಕಂಪೆನಿ ನಾಟಕಗಳಲ್ಲಿ ಪಟ್ಟವೇರಿ ಕುಳಿತ ಹಾರ್ಮೋನಿಯಮ್ಮಿಗೆ ಆಕಾಶವಾಣಿಯು 1940ರಲ್ಲಿ ಬಾಗಿಲು ಮುಚ್ಚಿ, 1971ರಲ್ಲಿ ಮತ್ತೆ ತೆರೆಯಿತೆಂಬುದು ಶ್ರೋತೃಗಳಿಗೆ ತಿಳಿದೇ ಇದೆ. ಯಾವುದು ನಿಜವಾದ ವಾದ್ಯ, ಯಾವುದು ಅಲ್ಲ ಎಂಬ ಈ ಜಗಳ ಮುಂದೆಯೂ ನಮಗೆ ಎದುರಾಗುತ್ತದೆ.

ಗಾಳಿಯಿಲ್ಲದೆ ವಿದ್ಯುತ್ತಿನಿಂದಲೇ ಆರ್ಗನ್ನನ್ನು ನುಡಿಸಬಹುದೆಂದು ಮೊದಲು ದೊಡ್ಡ ಪ್ರಮಾಣದಲ್ಲಿ ತೋರಿಸಿದವನು ಅಮೆರಿಕದ ಥಡಿಯಸ್ ಕಾಹಿಲ್. ಅವನಿಗೆ 1897ರಲ್ಲಿ ಪೇಟೆಂಟು ದೊರೆಯಿತು. 1906ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಅವನ ‘ಟೆಲ್‌ಹಾರ್ಮೋನಿಯಂ’ ಸ್ಥಾಪಿತವಾಯಿತು. ಹಲ್ಲುಗಳುಳ್ಳ ಉರುಳೆಗಳನ್ನು ತಿರುಗಿಸಿ, ಒಂದೊಂದು ಸ್ವರಕ್ಕೆ ತಕ್ಕ ವಿದ್ಯುತ್ತನ್ನು ಹುಟ್ಟಿಸಿ, ಟೆಲಿಫೋನ್ ತಂತಿಗಳ ಮೂಲಕ ಹೋಟೆಲುಗಳಿಗೆ ಸಂಗೀತವನ್ನು ಕಳುಹಿಸುವುದು ಅವನ ಯೋಜನೆ. ಯೋಜನೆ ಸರಿಯಾಗಿಯೇ ಇದ್ದಿತು. ಆದರೆ ಯಂತ್ರದ ತೂಕ ಸುಮಾರು 200 ಟನ್ನು! ಅಷ್ಟು ಭಾರವೇಕೆ? ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡುವ ಉಪಾಯ ಅವನ ಬಳಿ ಇರಲಿಲ್ಲ. ದೂರದ ಹೋಟೆಲಿನಲ್ಲಿ ಕೇಳಿಸಬೇಕಾದ ಬಲವನ್ನೆಲ್ಲ ಹುಟ್ಟುವ ಜಾಗದಲ್ಲಿಯೇ ಹುಟ್ಟಿಸಬೇಕಾಯಿತು. ಕೆಲವು ವರ್ಷಗಳಲ್ಲಿ ಆ ಉದ್ಯಮ ಮುಳುಗಿತು.

ವಿಚಿತ್ರವೆಂದರೆ ಕಾಹಿಲನಿಗೆ ಬೇಕಾಗಿದ್ದ ಉಪಾಯ ಆ ಹೊತ್ತಿಗೆ ಹುಟ್ಟುತ್ತಲೇ ಇದ್ದಿತು. ಇಂಗ್ಲೆಂಡಿನ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ತಂತಿಯಿಂದ ಎದುರಿನ ತಗಡಿಗೆ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಿ ಅದಕ್ಕೆ ‘ವಾಲ್ವ್’ ಎಂದು ಹೆಸರಿಟ್ಟನು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅವೆರಡರ ನಡುವೆ ಒಂದು ಜಾಲರಿಯನ್ನು ಸೇರಿಸಿದನು. ಇದರ ಮಹಿಮೆಯನ್ನು ನಮ್ಮ ಕೆರೆಯ ತೂಬಿನಿಂದ ತಿಳಿಯಬಹುದು. ಕೆರೆಯಲ್ಲಿರುವ ನೀರಿನ ಬಲ ಬಹಳ. ತೂಬಿನ ಬಾಯನ್ನು ಎತ್ತಿ ಇಳಿಸುವುದಕ್ಕೆ ಒಬ್ಬ ನೀರಗಂಟಿ ಸಾಕು. ಅವನು ಎಷ್ಟೆತ್ತಿದರೆ ಕಾಲುವೆಯಲ್ಲಿ ಅಷ್ಟು ನೀರು. ಜಾಲರಿಗೆ ಕೊಟ್ಟ ಸಣ್ಣ ದನಿಯ ವಿದ್ಯುತ್ತು ನೀರಗಂಟಿಯ ಕೈ; ತಗಡಿಗೆ ಹರಿಯುವ ದೊಡ್ಡ ವಿದ್ಯುತ್ತು ಕಾಲುವೆಯ ನೀರು. ಆಂಪ್ಲಿಫೈಯರಿನ ತತ್ತ್ವವೆಲ್ಲ ಇಷ್ಟರಲ್ಲಿಯೇ ಅಡಗಿದೆ.

ಈ ಎರಡು ಎಳೆಗಳನ್ನು ಒಟ್ಟಿಗೆ ಹೊಸೆದವನು ಲಾರೆನ್ಸ್ ಹ್ಯಾಮಂಡ್ (1895–1973). ಅವನು ಸಂಗೀತಗಾರನಲ್ಲ, ಷಿಕಾಗೋ ನಗರದಲ್ಲಿ ವಿದ್ಯುತ್ ಗಡಿಯಾರಗಳನ್ನು ಮಾಡಿ ಮಾರುತ್ತಿದ್ದ ಎಂಜಿನಿಯರು. ಮನೆಗೆ ಬರುವ ವಿದ್ಯುತ್ತಿನ ಲಯಕ್ಕೆ ಸರಿಯಾಗಿ, ಒಂದಿಷ್ಟೂ ಹೆಚ್ಚುಕಡಮೆಯಿಲ್ಲದೆ ತಿರುಗುವ ಮೋಟಾರು ಅವನ ಕೈಯಲ್ಲಿದ್ದಿತು. ಗಡಿಯಾರದ ಮುಳ್ಳಿಗೆ ಬದಲಾಗಿ ಅದಕ್ಕೆ ಹಲ್ಲಿನ ಪುಟ್ಟ ಗಾಲಿಗಳನ್ನು ಜೋಡಿಸಿದರೆ? ಪ್ರತಿ ಗಾಲಿಯ ಬಳಿ ಒಂದು ಅಯಸ್ಕಾಂತ ಮತ್ತು ತಂತಿಯ ಸುರುಳಿ. ಹಲ್ಲುಗಳು ಎದುರಿನಲ್ಲಿ ಹಾದುಹೋದಂತೆ ಸುರುಳಿಯಲ್ಲಿ ಸ್ವರದ ಅಲೆ ಹುಟ್ಟುತ್ತದೆ. ಇಂಥ ಗಾಲಿಗಳು 91. ಶ್ರುತಿ ಕೆಡುವ ಪ್ರಶ್ನೆಯೇ ಇಲ್ಲ. ಕಾಹಿಲನ ಇನ್ನೂರು ಟನ್ನು ಒಂದು ಮೇಜಿನ ಗಾತ್ರಕ್ಕೆ ಇಳಿದದ್ದು ಹೇಗೆಂದರೆ, ಹ್ಯಾಮಂಡನ ಗಾಲಿಗಳು ಕಿರುದನಿಯನ್ನು ಹುಟ್ಟಿಸಿದರೆ ಸಾಕಾಗಿತ್ತು. ಅದನ್ನು ಗುಡುಗಾಗಿಸುವ ಭಾರವನ್ನು ವಾಲ್ವಿನ ಆಂಪ್ಲಿಫೈಯರು ಹೊತ್ತಿತು. 1934ರಲ್ಲಿ ಪೇಟೆಂಟು, 1935ರ ಏಪ್ರಿಲಿನಲ್ಲಿ ವಾದ್ಯ ಜನರ ಮುಂದೆ ಬಂದಿತು.

ಅದೇ 1935ರಲ್ಲಿ ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಪುಟ್ಟ ಪ್ರಸಾರಯಂತ್ರವನ್ನು ಹೂಡಿ ‘ಆಕಾಶವಾಣಿ’ಯನ್ನು ಆರಂಭಿಸಿದರು. ಷಿಕಾಗೋದ ಆರ್ಗನ್ನಿಗೂ ಮೈಸೂರಿನ ಮನೆಗೂ ನೇರ ಸಂಬಂಧವಿಲ್ಲ. ಆದರೆ ಎರಡರ ಉಸಿರೂ ಒಂದೇ: ಕಾದು ಕೆಂಪಾದ ಗಾಜಿನ ವಾಲ್ವು. ಆ ಕಾಲದ ಮನೆಯೊಳಗಿನ ಯಂತ್ರ ಎಷ್ಟು ಬಲದ್ದು ಎಂದು ಅಳೆಯಲು ಆ 30 ವ್ಯಾಟನ್ನು ನೀವು ನೆನಪಿನಲ್ಲಿಡಿ.

ಹ್ಯಾಮಂಡನ ವಾದ್ಯವನ್ನು ಮೊದಮೊದಲು ಕೊಂಡವರಲ್ಲಿ ಮೋಟಾರು ಕಾರುಗಳ ಹೆನ್ರಿ ಫೋರ್ಡನೂ ಸಂಗೀತ ರಚನಕಾರ ಜಾರ್ಜ್ ಗರ್ಶ್ವಿನನೂ ಇದ್ದರು. ಕೊಳವೆ ಆರ್ಗನ್ನಿನ ಬೆಲೆ ತೆರಲಾರದ ಸಾವಿರಾರು ಇಗರ್ಜಿಗಳು ಇದನ್ನು ತರಿಸಿಕೊಂಡವು. ಆಗ ಕೊಳವೆ ಆರ್ಗನ್ನಿನವರು ಸುಮ್ಮನಿರುವರೆ? ಇದು ಆರ್ಗನ್ನೇ ಅಲ್ಲ, ಜಾಹೀರಾತಿನಲ್ಲಿ ಹೇಳುವುದು ಸುಳ್ಳು ಎಂದು ದೂರು ಹುಟ್ಟಿತು. ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ನು ವಿಚಾರಣೆ ನಡೆಸಿತು. 1937ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಾರ್ಥನಾಮಂದಿರದಲ್ಲಿ ದೊಡ್ಡ ಕೊಳವೆ ಆರ್ಗನ್ನನ್ನೂ ಹ್ಯಾಮಂಡನ್ನೂ ಮರೆಯಲ್ಲಿಟ್ಟು ನುಡಿಸಿ, ಯಾವುದು ಯಾವುದೆಂದು ಹೇಳಿರೆಂದು ಕೇಳುಗರನ್ನು ಕೇಳಿದರು. ಬಲ್ಲವರೂ ಎಷ್ಟೋ ಸಲ ತಪ್ಪಿದರು. 1938ರಲ್ಲಿ ಕಮಿಷನ್ನು ಜಾಹೀರಾತಿನ ಕೆಲವು ಅತಿಶಯೋಕ್ತಿಗಳನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿತಾದರೂ ‘ಆರ್ಗನ್’ ಎಂಬ ಹೆಸರು ಮಾತ್ರ ಉಳಿಯಿತು. ನಮ್ಮ ಹಾರ್ಮೋನಿಯಮ್ಮಿಗೆ ಇಂಥ ಪರೀಕ್ಷೆಯ ಭಾಗ್ಯವೂ ಇರಲಿಲ್ಲ.

ಇನ್ನು ನಮ್ಮ ಕಥಾನಾಯಕನಾದ ಆಂಪ್ಲಿಫೈಯರಿನ ಕಡೆಗೆ ತಿರುಗೋಣ. ರೇಡಿಯೊವಿನ ವಾಲ್ವಿಗೂ ಆರ್ಗನ್ನಿನ ವಾಲ್ವಿಗೂ ಕೆಲಸದಲ್ಲಿ ಬಹಳ ಅಂತರವುಂಟು. ರೇಡಿಯೊ ಒಂದು ಕೋಣೆಯನ್ನು ತುಂಬಿದರೆ ಸಾಕು. ಮಾತಿನಲ್ಲಿಯೂ ಹಾಡಿನಲ್ಲಿಯೂ ನಡುನಡುವೆ ಬಿಡುವಿರುತ್ತದೆ. ಆರ್ಗನ್ನಿನ ವಾದಕನೋ ಕಾಲಿನಿಂದ ಮಂದ್ರದ ಪಟ್ಟಿಯನ್ನೊತ್ತಿ ಹಿಡಿದನೆಂದರೆ ಬಿಡುವವರೆಗೂ ಆ ಸ್ವರ ಒಂದೇ ಬಲದಿಂದ ಹರಿಯುತ್ತಿರಬೇಕು. ಅತಿ ಕೆಳಗಿನ ಸ್ವರದ ಕಂಪನ ಸೆಕೆಂಡಿಗೆ ಸುಮಾರು 33 ಮಾತ್ರ. ಇಷ್ಟು ನಿಧಾನವಾದ ಅಲೆಯನ್ನು ಬಲದೊಡನೆ ದಾಟಿಸಬೇಕಾದರೆ ಟ್ರಾನ್ಸ್‌ಫಾರ್ಮರಿನಲ್ಲಿ ಕಬ್ಬಿಣ ಹೆಚ್ಚು ಬೇಕು. ಆದ್ದರಿಂದ ಆರ್ಗನ್ನಿನ ಆಂಪ್ಲಿಫೈಯರುಗಳನ್ನು ಕಬ್ಬಿಣಕ್ಕೆ ಜಿಪುಣತನ ಮಾಡದೆ ಕಟ್ಟುತ್ತಿದ್ದರು. ಭಾನುವಾರ ನಡುಪೂಜೆಯಲ್ಲಿ ಅದು ಕೈಕೊಟ್ಟರೆ ಇಡೀ ಸಭೆಯೇ ಸಾಕ್ಷಿ. ಕಟ್ಟುವವನಿಗೆ ಅದರ ಭಯವಿರುತ್ತಿತ್ತು.

ವಾಲ್ವುಗಳನ್ನು ಜೋಡಿಯಾಗಿ ಕೆಲಸಕ್ಕೆ ಹಚ್ಚುವುದು ಇವುಗಳ ಪದ್ಧತಿ. ಮರ ಕೊಯ್ಯುವ ದೊಡ್ಡ ಗರಗಸವನ್ನು ಇಬ್ಬರು ಹಿಡಿದು, ಒಬ್ಬ ಎಳೆದಾಗ ಇನ್ನೊಬ್ಬ ಬಿಡುವಂತೆ, ಅಲೆಯ ಒಂದು ಮಗ್ಗುಲನ್ನು ಒಂದು ವಾಲ್ವು, ಇನ್ನೊಂದು ಮಗ್ಗುಲನ್ನು ಇನ್ನೊಂದು ವಾಲ್ವು ಎಳೆಯುತ್ತದೆ. ಚಿಕ್ಕ ಆರ್ಗನ್ನುಗಳಲ್ಲಿ 6ವಿ6 ಅಥವಾ 6ಬಿಕ್ಯು5 ಎಂಬ ವಾಲ್ವುಗಳ ಜೋಡಿ ಹತ್ತು ಹದಿನೈದು ವ್ಯಾಟು ಕೊಡುತ್ತಿತ್ತು. ದೊಡ್ಡವುಗಳಲ್ಲಿ 1936ರಲ್ಲಿ ಹುಟ್ಟಿದ 6ಎಲ್6. ಇವೆಲ್ಲಕ್ಕೂ ಮಿಗಿಲಾಗಿ ಹೆಸರಾದದ್ದು ಡೊನಾಲ್ಡ್ ಲೆಸ್ಲಿಯ ಪೆಟ್ಟಿಗೆ. ಮೇಲೆ ತಿರುಗುವ ಕೊಂಬು, ಕೆಳಗೆ ತಿರುಗುವ ಪೀಪಾಯಿ. ಅವುಗಳ ನಡುವಿನಿಂದ ಹೊರಟ ದನಿ ಹತ್ತಿರ ಬಂದು ದೂರ ಹೋಗಿ ಗಮಕಗೊಂಡಂತೆ ಕೇಳಿಸುತ್ತದೆ. ಹ್ಯಾಮಂಡನು ಇದನ್ನು ಬೇಡವೆಂದು ನಿರಾಕರಿಸಿದನು. ವಾದಕರು ಮಾತ್ರ ಅದನ್ನೇ ತಮ್ಮ ಹ್ಯಾಮಂಡುಗಳಿಗೆ ಕಟ್ಟಿಕೊಂಡರು. ಲೆಸ್ಲಿಯ 122 ಮತ್ತು 147 ಎಂಬ ಮಾದರಿಗಳಲ್ಲಿ 6550 ಎಂಬ ಗಟ್ಟಿ ವಾಲ್ವುಗಳ ಜೋಡಿಯಿಂದ 40 ವ್ಯಾಟು ಬರುತ್ತಿತ್ತು. ಮೈಸೂರಿನ 30 ವ್ಯಾಟನ್ನು ಈಗ ನೆನೆಯಿರಿ! ಅದು ಊರಿಗೆಲ್ಲ ಹಂಚಿದ ಬಲ. ಇದು ಒಂದೇ ಪೆಟ್ಟಿಗೆಯೊಳಗಿನ ಬಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆರ್ಗನ್ನು ಇಗರ್ಜಿಯಿಂದ ಮನೆಯ ಹಜಾರಕ್ಕೆ ನಡೆದು ಬಂದಿತು. ಹ್ಯಾಮಂಡ್, ಬಾಲ್ಡ್‌ವಿನ್, ವುರ್ಲಿಟ್ಜರ್, ಲೋರಿ, ಕಾನ್ ಮೊದಲಾದ ಕಂಪೆನಿಗಳು ಮನೆಯಲ್ಲಿ ಇಡತಕ್ಕ ಸಣ್ಣ ಆರ್ಗನ್ನುಗಳನ್ನು 1950 ಮತ್ತು 1960ರ ದಶಕಗಳಲ್ಲಿ ಹೇರಳವಾಗಿ ಮಾರಿದವು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ವೀಣೆಯೋ ಹಾರ್ಮೋನಿಯಮ್ಮೋ ಕಲಿಸುತ್ತಿದ್ದಂತೆ ಅಲ್ಲಿ ಆರ್ಗನ್ನು ಕಲಿಯುವುದು ಸಂಸಾರದ ಮರ್ಯಾದೆಯ ಸಂಗತಿಯಾಯಿತು.

ಇದೇ ಕಾಲದಲ್ಲಿ ಸಂಗೀತವನ್ನು ಕೇಳುವ ರೀತಿಯೂ ಬದಲಾಯಿತು. ಯುದ್ಧಾನಂತರ 1947ರಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಎಂಬುವರು ಒಂದು ಆಂಪ್ಲಿಫೈಯರಿನ ನಕ್ಷೆಯನ್ನು ಪ್ರಕಟಿಸಿದರು. ದೇಶವಿದೇಶಗಳ ಹವ್ಯಾಸಿಗಳು ಅದನ್ನು ನೋಡಿಕೊಂಡು ತಾವೇ ಕಟ್ಟಿದರು. ಆ ನಕ್ಷೆಯ ತಿರುಳೇ ಒಳ್ಳೆಯ ಟ್ರಾನ್ಸ್‌ಫಾರ್ಮರು. ಮುಂದೆ ಸ್ಟೀರಿಯೊ ಬಂದಿತು. ಎರಡು ಕಿವಿಗೆ ಎರಡು ದನಿ ಎಂಬ ತತ್ತ್ವಕ್ಕೆ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ 1931ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ್ದನಾದರೂ, ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಒಂದು ಆಂಪ್ಲಿಫೈಯರು ಸಾಕಾಗಿದ್ದ ಮನೆಗೆ ಈಗ ಎರಡು ಬೇಕಾದವು.

ಆದರೆ ವಾಲ್ವಿನ ಆಯುಷ್ಯ ಆಗಲೇ ತೀರುತ್ತ ಬಂದಿದ್ದಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಬಿಸಿಯಾಗುವ ಗಾಜನ್ನೂ ಭಾರದ ಟ್ರಾನ್ಸ್‌ಫಾರ್ಮರನ್ನೂ ಅನಾವಶ್ಯಕವಾಗಿಸಿತು. ಆರ್ಗನ್ನುಗಳೂ ಟ್ರಾನ್ಸಿಸ್ಟರಿಗೆ ತಿರುಗಿದವು. 1971ರಲ್ಲಿ ಆಲನ್ ಕಂಪೆನಿ ಅಂಕಿಗಳ ಲೆಕ್ಕದಿಂದಲೇ ಸ್ವರ ಹುಟ್ಟಿಸುವ ಆರ್ಗನ್ನನ್ನು ತಂದಿತು. ಹಲ್ಲಿನ ಗಾಲಿಗಳ ಹ್ಯಾಮಂಡ್ 1970ರ ದಶಕದ ನಡುವಿನಲ್ಲಿ ನಿಂತುಹೋಯಿತು. ಬಗಲಲ್ಲಿ ಹಿಡಿದುಕೊಂಡು ಹೋಗುವ ಕೀಬೋರ್ಡುಗಳು ಬಂದಮೇಲೆ ಸುಮಾರು 190 ಕಿಲೋಗ್ರಾಂ ತೂಗುವ ಹ್ಯಾಮಂಡ್ ಬಿ-3 ಯಾರಿಗೆ ಬೇಕು? ಅದಕ್ಕಾದರೂ ಜಾಸ್ ಸಂಗೀತದವರ ಪ್ರೀತಿಯ ರಕ್ಷೆಯಿದ್ದಿತು. ಮನೆಯ ಸಣ್ಣ ಆರ್ಗನ್ನುಗಳಿಗೆ ಅದೂ ಇಲ್ಲ. ನುಡಿಸುತ್ತಿದ್ದ ಅಜ್ಜಿ ತೀರಿಕೊಂಡಳು, ಮಕ್ಕಳಿಗೆ ಜಾಗವಿಲ್ಲ, ಮಾರುತ್ತೇವೆಂದರೆ ಕೊಳ್ಳುವವರಿಲ್ಲ, ಬಿಟ್ಟಿ ಕೊಡುತ್ತೇವೆ, ಹೊತ್ತುಕೊಂಡು ಹೋದರೆ ಸಾಕು ಎಂಬ ಸ್ಥಿತಿ ಬಂದಿತು. ಎಷ್ಟೋ ವಾದ್ಯಗಳು ಕೊಡಲಿಯ ಪೆಟ್ಟಿಗೆ ಸಿಕ್ಕಿ ಕಸದ ರಾಶಿಗೆ ಹೋದವು.

ಇಲ್ಲಿ ನಮ್ಮ ಕಥೆಯ ತಿರುವು. ಜಪಾನಿನಲ್ಲಿ, ಫ್ರಾನ್ಸಿನಲ್ಲಿ, ಆಮೇಲೆ ಅಮೆರಿಕದಲ್ಲಿ, ವಾಲ್ವಿನ ದನಿಯೇ ಬೇಕೆನ್ನುವ ರಸಿಕರು ಅಲ್ಲಲ್ಲಿ ಉಳಿದಿದ್ದರು. ಅವರಿಗೆಂದೇ ಅಮೆರಿಕದಲ್ಲಿ 1988ರಲ್ಲಿ ‘ಗ್ಲಾಸ್ ಆಡಿಯೊ’, 1992ರಲ್ಲಿ ‘ಸೌಂಡ್ ಪ್ರಾಕ್ಟಿಸಸ್’ ಎಂಬ ಪತ್ರಿಕೆಗಳು ಹುಟ್ಟಿದವು. ಹೆಸರಾಂತ ಹಳೆಯ ಆಂಪ್ಲಿಫೈಯರುಗಳ ಬೆಲೆ ಗಗನಕ್ಕೇರಿತು. ಆಗ ಕೈಯಲ್ಲಿ ಹಣವಿಲ್ಲದ, ಆದರೆ ಬೆಸುಗೆಯ ಕಡ್ಡಿ ಹಿಡಿಯಬಲ್ಲ ಕೆಲವರ ಕಣ್ಣು ಬೀದಿಯ ಬದಿಯ ಆರ್ಗನ್ನಿನ ಮೇಲೆ ಬಿದ್ದಿತು. ಹಿಂದಿನ ಹಲಗೆ ತೆಗೆದು ನೋಡಿದರೆ ಒಳಗೆ ಏನಿದೆ! ದಪ್ಪ ಟ್ರಾನ್ಸ್‌ಫಾರ್ಮರುಗಳು, ಒಳ್ಳೆಯ ವಾಲ್ವುಗಳು, ಪ್ರತ್ಯೇಕ ಉಕ್ಕಿನ ತಟ್ಟೆಯ ಮೇಲೆ ನಾಲ್ಕು ತಿರುಪಿನಿಂದ ನಿಲ್ಲಿಸಿದ ಪೂರ್ಣ ಆಂಪ್ಲಿಫೈಯರು. ಕೆಲವು ಆರ್ಗನ್ನುಗಳಲ್ಲಿ ಒಂದೇ ತಟ್ಟೆಯ ಮೇಲೆ ಎರಡು ದಾರಿಗಳು. ಅದು ಸ್ಟೀರಿಯೊವಿಗೆಂದೇ ಮಾಡಿದಂತೆ. ಒಂದೇ ದಾರಿಯಿದ್ದಲ್ಲಿ ಅದೇ ಮಾದರಿಯ ಇನ್ನೊಂದನ್ನು ಹುಡುಕಿ ಜೋಡಿ ಮಾಡಿದರು. ‘ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ’ ಎಂಬ ನಮ್ಮ ಗಾದೆ ಅವರಿಗೆ ತಿಳಿಯದು, ನಡೆದದ್ದು ಅದರಂತೆಯೇ.

ಆದರೆ ಕಿತ್ತು ತಂದೊಡನೆ ಅದು ಹಾಡುವುದಿಲ್ಲ. ಆರ್ಗನ್ನಿಗೆಂದು ಕಟ್ಟಿದ ಯಂತ್ರ ಗ್ರಾಮಫೋನಿನ ಚಾಕರಿಗೆ ಒಗ್ಗಬೇಕಾದರೆ ಕೆಲವು ಸಂಸ್ಕಾರಗಳು ಬೇಕು. ಹ್ಯಾಮಂಡಿನ ಅತಿ ತಾರದ ಗಾಲಿಯೂ ಸೆಕೆಂಡಿಗೆ ಆರು ಸಾವಿರ ಕಂಪನವನ್ನು ಮುಟ್ಟುವುದಿಲ್ಲ. ಆದ್ದರಿಂದ ಇಂಥ ಯಂತ್ರಗಳಲ್ಲಿ ಅದಕ್ಕೆ ಮೇಲಿನ ದನಿಯನ್ನು ಬೇಕೆಂದೇ ತಗ್ಗಿಸುವ ಭಾಗಗಳಿರುತ್ತಿದ್ದವು. ಅವನ್ನು ತೆಗೆದು ದಾರಿಯನ್ನು ಮುಕ್ತಗೊಳಿಸಬೇಕು. ಆರ್ಗನ್ನಿನಿಂದ ಬರುವ ದನಿ ಎಷ್ಟೋ ವೇಳೆ ಎರಡು ತಂತಿಗಳಲ್ಲಿ ಎದುರುಬದುರಾಗಿ ಬರುತ್ತದೆ. ಗ್ರಾಮಫೋನಿನಿಂದ ಹಾಗೆ ಬರುವುದಿಲ್ಲ. ಒಂದನ್ನು ಸೀಳಿ ಎರಡಾಗಿಸುವ ವಾಲ್ವಿನ ಘಟ್ಟವನ್ನು ಮುಂದೆ ಸೇರಿಸಬೇಕಾಗುತ್ತದೆ. ಬಹಳ ಹಳೆಯವುಗಳಲ್ಲಿ ಸ್ಪೀಕರಿನ ಅಯಸ್ಕಾಂತದ ಸುರುಳಿಯೇ ವಿದ್ಯುತ್ತನ್ನು ಶುದ್ಧಿ ಮಾಡುವ ಕೆಲಸವನ್ನೂ ಮಾಡುತ್ತಿತ್ತು. ಸ್ಪೀಕರನ್ನು ಬಿಟ್ಟು ಆಂಪ್ಲಿಫೈಯರನ್ನು ಮಾತ್ರ ತಂದವನು ಆ ಸುರುಳಿಗೆ ಬದಲಿಯನ್ನು ಒದಗಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಕಂಡೆನ್ಸರುಗಳು. ಕಬ್ಬಿಣ ತಾಮ್ರಗಳು ಐವತ್ತು ಅರವತ್ತು ವರ್ಷ ಕೆಡದೆ ಇರಬಹುದು, ಕಂಡೆನ್ಸರು ಹಾಗಲ್ಲ. ಒಳಗಿನ ದ್ರವ ಒಣಗುತ್ತದೆ. ಮೇಣದ ಕಾಗದ ಸೋರುತ್ತದೆ. ಸೋರಿದ ಒತ್ತಡ ಮುಂದಿನ ವಾಲ್ವಿನ ಜಾಲರಿಯನ್ನು ಸೇರಿದರೆ ಕೆರೆಯ ತೂಬು ಮುಚ್ಚಲಾರದೆ ನಿಂತಂತಾಗಿ, ವಾಲ್ವು ಕೆಂಪಾಗಿ, ಕಡೆಗೆ ಬೆಲೆಬಾಳುವ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತದೆ. ಆದ್ದರಿಂದ ಹಳೆಯ ಯಂತ್ರಕ್ಕೆ ನೇರವಾಗಿ ವಿದ್ಯುತ್ತು ಕೊಡಲೇ ಕೂಡದು. ಮೊದಲು ಕಂಡೆನ್ಸರು ಬದಲಾಯಿಸಬೇಕು. ಸ್ಪೀಕರು ಜೋಡಿಸದೆ ಎಂದೂ ದನಿಯೆತ್ತಬಾರದು. ಅಮೆರಿಕದ ಯಂತ್ರಗಳು ಸುಮಾರು 117 ವೋಲ್ಟು, 60 ಆವರ್ತನದ ವಿದ್ಯುತ್ತಿಗೆ ಮಾಡಿದವು. ನಮ್ಮದು 230 ವೋಲ್ಟು, 50 ಆವರ್ತನ. ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರು ಇದ್ದರೂ ಆವರ್ತನದ ವ್ಯತ್ಯಾಸದಿಂದ ಒಳಗಿನ ಕಬ್ಬಿಣ ಹೆಚ್ಚು ಕಾಯುತ್ತದೆ. ಮನೆಯ ಮಕ್ಕಳ ಸಲುವಾಗಿ ಇನ್ನೊಂದು ಮಾತು: ಇವುಗಳ ಒಳಗೆ ಮುನ್ನೂರು ನಾನೂರು ವೋಲ್ಟು ಓಡಾಡುತ್ತದೆ, ಗುಂಡಿ ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಅದು ಅಡಗಿ ಕುಳಿತಿರುತ್ತದೆ. ಬಲ್ಲವರಲ್ಲದೆ ಬೇರೆಯವರು ಕೈಯಿಡತಕ್ಕದ್ದಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ದನಿ ಹೇಗಿರುತ್ತದೆ? ಅಳತೆಯ ಯಂತ್ರವನ್ನು ಕೇಳಿದರೆ, ಒಳ್ಳೆಯ ಟ್ರಾನ್ಸಿಸ್ಟರಿನ ಆಂಪ್ಲಿಫೈಯರೇ ಮೇಲು. ಅದರಲ್ಲಿ ವಿಕೃತಿ ಕಡಮೆ. ವಾಲ್ವು ತನ್ನದೊಂದಿಷ್ಟು ಬಣ್ಣವನ್ನು ದನಿಗೆ ಬೆರಸುತ್ತದೆ. ಶಕ್ತಿ ಮೀರಿದಾಗಲೂ ಅದು ತಟಕ್ಕನೆ ಕರ್ಕಶವಾಗದೆ ಮೆಲ್ಲಗೆ ಬಾಗುತ್ತದೆ. ಆ ಬಣ್ಣವೇ ಕೆಲವರ ಕಿವಿಗೆ ಹಿತ. ಮಣ್ಣಿನ ಮಡಕೆಯ ಸಾರಿಗೂ ಉಕ್ಕಿನ ಪಾತ್ರೆಯ ಸಾರಿಗೂ ಇರುವ ಅಂತರದಂತೆ ಇದನ್ನು ನಾಲಿಗೆಯೇ ತೀರ್ಮಾನಿಸಬೇಕು, ಜಗಳದಿಂದ ಇತ್ಯರ್ಥವಾಗುವುದಿಲ್ಲ.

ಈಗ ಜಾಲಹಳ್ಳಿಯ ಮಾತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1961ರಲ್ಲಿ ರೇಡಿಯೊ ವಾಲ್ವುಗಳನ್ನು ಮಾಡಲಾರಂಭಿಸಿತು. ನಮ್ಮ ಮನೆಗಳ ರೇಡಿಯೊಗಳಲ್ಲಿ ಬೆಳಗಿದ ಎಷ್ಟೋ ವಾಲ್ವುಗಳು ಅಲ್ಲಿ ಊದಿದ ಗಾಜಿನವು. ಅಲ್ಲಿ ಆದ ವಾಲ್ವುಗಳಲ್ಲಿ ಇಎಲ್84 ಎಂಬುದೊಂದು. ಯುರೋಪಿನವರ ಇಎಲ್84ನ್ನೇ ಅಮೆರಿಕದವರು 6ಬಿಕ್ಯು5 ಎಂದು ಕರೆದರು. ಒಬ್ಬಳೇ ಹೆಣ್ಣಿಗೆ ತವರಿನಲ್ಲಿ ಒಂದು ಹೆಸರು, ಅತ್ತೆಯ ಮನೆಯಲ್ಲಿ ಇನ್ನೊಂದು. ಮನೆಯ ಆರ್ಗನ್ನಿನ ಆಂಪ್ಲಿಫೈಯರಿಗೆ ಬೇಕಾದ ವಾಲ್ವುಗಳಲ್ಲಿ ಅದೂ ಸೇರಿದೆ. ವಿಧಿಯ ವಿನೋದ ನೋಡಿ: ವಾಲ್ವಿನ ಕೆಲಸ ಶುರುವಾದ ಮರುವರ್ಷ, 1962ರಲ್ಲಿ, ಅದೇ ಸಂಸ್ಥೆ ಜರ್ಮೇನಿಯಮ್ಮಿನ ಅರೆವಾಹಕಗಳನ್ನೂ ಮಾಡತೊಡಗಿತು. ತೊಟ್ಟಿಲ ಪಕ್ಕದಲ್ಲಿಯೇ ಅದನ್ನು ಮೂಲೆಗೆ ತಳ್ಳುವವನೂ ಬೆಳೆದನು. ಇಂದು ಇಂಥ ವಾಲ್ವುಗಳನ್ನು ಹೊಸದಾಗಿ ಮಾಡುವುದು ರಷ್ಯಾ, ಸ್ಲೊವಾಕಿಯಾ, ಚೀನಾ ಮೊದಲಾದ ಕಡೆಗಳ ಕೆಲವೇ ಕಾರ್ಖಾನೆಗಳು. ಜಾಲಹಳ್ಳಿಯ ಹಳೆಯ ವಾಲ್ವು ಯಾರದಾದರೂ ಪೆಟ್ಟಿಗೆಯಲ್ಲಿ ಸಿಕ್ಕಿದರೆ ಅದನ್ನು ಎಸೆಯುವ ಮುನ್ನ ಯೋಚಿಸುವುದು ಒಳ್ಳೆಯದು.

ಇಷ್ಟು ಹೊಗಳಿದ ಮೇಲೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯುತ್ತದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಸತ್ತ ಆನೆಯ ದಂತ ತೆಗೆದರೆ ತಪ್ಪಿಲ್ಲ. ಆದರೆ ದಂತಕ್ಕೆ ಬೆಲೆ ಬಂದೊಡನೆ ಬದುಕಿರುವ ಆನೆಯ ಕಡೆಗೂ ಕಣ್ಣು ಹೋಗುತ್ತದೆ. ಆರ್ಗನ್ನುಗಳಿಗೂ ಹಾಗೆಯೇ. ವಾಲ್ವುಗಳಿಗೂ ಟ್ರಾನ್ಸ್‌ಫಾರ್ಮರುಗಳಿಗೂ ಹಣ ಬರುವುದೆಂದು ತಿಳಿದ ಮೇಲೆ, ಸ್ವಲ್ಪ ಎಣ್ಣೆ ಬಿಟ್ಟು ಒರಸಿದರೆ ಇನ್ನೂ ನುಡಿಯಬಲ್ಲ ವಾದ್ಯಗಳನ್ನು ಸಹ ಸೀಳಿ, ಅಂಗಾಂಗಗಳನ್ನು ಬಿಡಿಯಾಗಿ ಮಾರುವುದುಂಟು. ಆಂಪ್ಲಿಫೈಯರು ಹೋದ ಆರ್ಗನ್ನಿನ 91 ಗಾಲಿಗಳು ತಿರುಗಿದರೂ ಕೇಳುವವರಿಲ್ಲ. ಆಗ ಉಳಿಸಿದವನಿಗೂ ನಮ್ಮ ಜಗಲಿಯ ಗುಜರಿಯವನಿಗೂ ಏನು ವ್ಯತ್ಯಾಸ? ಅವನಾದರೂ ಹೊಟ್ಟೆಪಾಡಿಗೆ ಒಡೆದನು.

ವ್ಯತ್ಯಾಸವಿರಬೇಕಾದರೆ ಮೂರು ಕಟ್ಟಳೆಗಳಾದರೂ ಬೇಕೆಂದು ನನಗೆ ತೋರುತ್ತದೆ. ನುಡಿಯಬಲ್ಲ ವಾದ್ಯಕ್ಕೆ ಮೊದಲು ನುಡಿಸುವವರನ್ನು ಹುಡುಕಬೇಕು. ಶಾಲೆಯೋ ಪ್ರಾರ್ಥನಾಮಂದಿರವೋ ಬಡ ವಿದ್ಯಾರ್ಥಿಯೋ ಇದ್ದಾರು. ಯಾರೂ ಬೇಡವೆಂದು ಕಸಕ್ಕೆ ಹೊರಟ ಮೇಲೆಯೇ ತಿರುಪುಳಿ ಹಿಡಿಯಬೇಕು. ಹಿಡಿದ ಮೇಲೆ, ತೆಗೆದ ಭಾಗಗಳನ್ನೂ ಮೂಲದ ಜೋಡಣೆಯ ನಕ್ಷೆಯನ್ನೂ ಚೀಟಿ ಅಂಟಿಸಿ ಕಾದಿಡಬೇಕು. ಬೇಕೆಂದವನು ಮತ್ತೆ ಹಿಂದಿನ ಸ್ಥಿತಿಗೆ ತರುವಂತಿರಬೇಕು. ಶಿಲ್ಪಿ ಗುಡಿಯ ಹಳೆಯ ಕಲ್ಲುಗಳಿಗೆ ಅಂಕೆ ಹಾಕಿ ಬಿಚ್ಚುವುದು ಇದಕ್ಕಾಗಿಯೇ. ‘ಉದ್ಧಾರ’ ಎಂಬ ಶಬ್ದಕ್ಕೆ ಮೇಲಕ್ಕೆತ್ತುವುದು ಎಂದು ಅರ್ಥ, ಕಿತ್ತುಕೊಳ್ಳುವುದೆಂದಲ್ಲ.

ಪ್ರಿಯ ವಾಚಕರೆ, ನಿಮ್ಮ ಮನೆಯ ಅಟ್ಟದಲ್ಲಿ ಆರ್ಗನ್ನು ಇರಲಾರದು. ಆದರೆ ಬಟ್ಟೆ ಮುಚ್ಚಿದ ವಾಲ್ವಿನ ರೇಡಿಯೊ ಇದ್ದೀತು. ಅದನ್ನು ಕೆಳಗಿಳಿಸಿ ಧೂಳು ಒರಸಿ. ಆತುರದಿಂದ ವಿದ್ಯುತ್ತಿಗೆ ಸೇರಿಸಬೇಡಿ. ಹಳೆಯ ರೇಡಿಯೊ ರಿಪೇರಿಯವರು ನಿಮ್ಮ ಪೇಟೆಯಲ್ಲಿ ಇನ್ನೂ ಇದ್ದರೆ ಅವರ ಕೈಗೆ ಕೊಟ್ಟು, ಹಳೆಯ ಕಂಡೆನ್ಸರುಗಳನ್ನೆಲ್ಲ ಬದಲಾಯಿಸಲು ಹೇಳಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಅದು ಮೊದಲು ಯಾವ ಮೂಲೆಯಲ್ಲಿ ಇರುತ್ತಿತ್ತೆಂದು ಅವರನ್ನೇ ಕೇಳಿ ಅಲ್ಲಿಯೇ ಇಡಿ. ನಾನು ಆ ಮಾತನ್ನು ಕೇಳಬೇಕಾಗಿದ್ದ ದಿನ ಕೇಳಲಿಲ್ಲ. ಈಗ ಕೇಳೋಣವೆಂದರೆ ರೇಡಿಯೊವೂ ಇಲ್ಲ, ತಂದೆಯವರೂ ಇಲ್ಲ.